ಹಸಿರು ಡೀಸೆಲ್ ಇಂಜಿನ್ನಿನ ಆರ್ಮೇಚರ್

ಗುಬ್ಬಿಯ ಗಂಡನ ಮನೆ ಬಿಟ್ಟು ಬಂದಾಗ ನನಗೆ ಇಪ್ಪತ್ತಾರು. ತುಮಕೂರಿನಲ್ಲಿ ಅಬ್ಬಾನದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಿಂದ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಬರುತ್ತಿದ್ದವು. ಹಳೇ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹೊಡೆದು ಕೊಡುವುದು ನಮ್ಮ ಕೆಲಸ. ಮನೆಯಲ್ಲಿ ಕೂತಿದ್ದರೆ ಬಂದವರೆಲ್ಲ ಯಾಕೆ ಬಿಟ್ಟು ಬಂದೆ ಅಂತ ಕೇಳುತ್ತಿದ್ದರು. ಅಂಗಡಿಗೆ ಬರುವ ರೈತರಿಗೆ ಅದೆಲ್ಲ ಬೇಕಿರಲಿಲ್ಲ, ಅವರ ಚಿಂತೆ ಅವರ ಮೋಟಾರಿನದು. ಅಬ್ಬಾನಿಗೆ ಊಟದ ಡಬ್ಬಿ ಕೊಡಲು ಹೋದವಳು ಒಂದು ದಿನ ಅಲ್ಲೇ ಕೂತು ತಂತಿ ಸುತ್ತಿದೆ. ಮಾರನೆಯ ದಿನವೂ ಹೋದೆ. ಅಬ್ಬಾ ಹೋಗು ಅನ್ನಲೂ ಇಲ್ಲ, ಬಾ ಅನ್ನಲೂ ಇಲ್ಲ. ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಒರೆಸಿ ಇಟ್ಟರು.

ಮನೆಯೊಳಗೆ ನಾವು ಉರ್ದು ಆಡುವವರು. ಅಂಗಡಿಯಲ್ಲಿ ಮಾತ್ರ ಅಬ್ಬಾ ನನ್ನ ಜೊತೆಗೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಎದುರಿಗೆ ನಿಂತ ಗಿರಾಕಿಗೆ ಇವರೇನೋ ಗುಟ್ಟು ಮಾತಾಡ್ತಾರೆ ಅನ್ನಿಸಬಾರದು ಅಂತ.

ತೊಂಬತ್ತರ ದಶಕದ ನಡುಭಾಗ ಅದು. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬರು ಬಂದು, ಹತ್ತಿಯಲ್ಲಿ ಸುತ್ತಿದ ಏನನ್ನೋ ಕೌಂಟರಿನ ಮೇಲಿಟ್ಟರು. ಕುಣಿಗಲ್ಲಿನಲ್ಲಿ ಹಲ್ಲಿನ ಡಾಕ್ಟರು ಅವರು. ಹತ್ತಿ ಬಿಡಿಸಿದರೆ ಒಳಗಿದ್ದದ್ದು ಹೆಬ್ಬೆರಳಿಗಿಂತ ದಪ್ಪವಿಲ್ಲದ ಒಂದು ಮೋಟಾರು.

ಅಬ್ಬಾ ನಕ್ಕರು. "ಇದೇನ್ ಡಾಕ್ಟ್ರೇ, ಇಲಿಮರಿ ತೋಟಕ್ಕೆ ಪಂಪ್‌ಸೆಟ್ಟಾ?"

ಡಾಕ್ಟರು ನಗಲಿಲ್ಲ. "ಮಾಡೆಲ್ ಡೀಸೆಲ್ ಇಂಜಿನ್ದು ಸಾಬ್ರೇ, ಕರೆಂಟಲ್ಲಿ ಓಡೋ ಆಟದ ರೈಲಿಂದು. ಇಂಗ್ಲೆಂಡಲ್ಲಿ ಮಾಡಿದ್ದು, ನಲವತ್ತು ವರ್ಷ ಆಗಿದೆ. ಬೆಂಗಳೂರಲ್ಲಿ ಯಾರೂ ಮುಟ್ಟಲ್ಲ ಅಂದ್ರು."

ಅಬ್ಬಾನ ಬೆರಳುಗಳು ಐದು ಎಚ್‌ಪಿ ಮೋಟಾರಿಗೆ ಪಳಗಿದ್ದವು. ಅದನ್ನು ನನ್ನ ಕಡೆ ತಳ್ಳಿದರು. ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಆರ್ಮೇಚರ್ ಅನ್ನುತ್ತಾರೆ. ಇದರ ಆರ್ಮೇಚರಿಗೆ ಮೂರು ತೋಳು, ಒಂದೊಂದು ತೋಳಿಗೂ ಕೂದಲಿಗಿಂತ ಸಣ್ಣ ತಂತಿಯ ಸುತ್ತು. ಕರಕಲಾದ ತಂತಿಯನ್ನು ಒಂದೊಂದೇ ಸುತ್ತು ಬಿಚ್ಚಿ ಎಣಿಸಿದೆ. ಮೂರು ಸಲ ತುಂಡಾಯಿತು, ಮೂರು ಸಲವೂ ಎಣಿಕೆಯನ್ನು ಬಾಯಲ್ಲಿ ಹಿಡಿದುಕೊಂಡೇ ಮತ್ತೆ ತುದಿ ಹುಡುಕಿದೆ. ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರಿನಿಂದ ಅದೇ ಗೇಜಿನ, ಅಂದರೆ ಅಷ್ಟೇ ದಪ್ಪದ, ತಂತಿ ಬಿಡಿಸಿ ಸುತ್ತಿದೆ. ನಾಲ್ಕು ದಿನ ಹಿಡಿಯಿತು. ಐದನೇ ದಿನ ಡಾಕ್ಟರ ಎದುರಿಗೇ ಬ್ಯಾಟರಿಗೆ ಕೊಟ್ಟಾಗ ಅದು ಜೀರುಂಡೆಯ ಹಾಗೆ ಗುಯ್‌ಗುಟ್ಟಿತು. ಡಾಕ್ಟರು ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ. ಅದನ್ನೂ ಹೇಳಲೇಬೇಕು.

ಮುಂದಿನ ಭಾನುವಾರ ಅಬ್ಬಾನನ್ನೂ ನನ್ನನ್ನೂ ಮನೆಗೆ ಕರೆದರು. ಕುಣಿಗಲ್ಲಿಗೆ ಆಗ ರೈಲೇ ಇರಲಿಲ್ಲ, ಬಸ್ಸಿನಲ್ಲಿ ಹೋದೆವು. ಕ್ಲಿನಿಕ್ಕಿನ ಮೇಲಿನ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಮೇಜು, ಮೇಜಿನ ಮೇಲೆ ಹಳಿ. ಗಾಜಿನ ಬೀರುವಿನಲ್ಲಿ ಹದಿನೆಂಟು ಡೀಸೆಲ್ ಇಂಜಿನ್ನುಗಳು. ಎಲ್ಲವೂ ಅವರ ಕೈಗೆ ಬರುವ ಹೊತ್ತಿಗೇ ಹಳೆಯವು. ಬೆಂಗಳೂರಿನಿಂದ ಆಸ್ಟ್ರೇಲಿಯಾಕ್ಕೆ ಹೊರಟ ಆಂಗ್ಲೋ ಇಂಡಿಯನ್ ಮನೆಗಳಿಂದ ಒಂದೊಂದಾಗಿ ತಂದವು. ನಾನು ಮೋಟಾರು ಸುತ್ತಿದ್ದು ಅವುಗಳಲ್ಲೇ ಹಳೆಯದಕ್ಕೆ. ಗಾಢ ಹಸಿರು, ಗುಂಡಗಿನ ಮೂತಿ, ಪ್ಲಾಸ್ಟಿಕ್ ಮೈ.

"ನೀನೇ ಓಡ್ಸಮ್ಮ," ಅಂದರು. "ಕಂಟ್ರೋಲರ್ ಒಂದೇ ಸಲ ತಿರುಗಿಸ್ಬೇಡ. ಎಳೆಯೋಕೆ ಶುರು ಮಾಡೋ ಸದ್ದು ಕೇಳ್ಸುತ್ತೆ, ಆಮೇಲೆ ಕೊಡು."

ಗುಬ್ಬಿಯಲ್ಲಿ ನಮ್ಮ ಅಡಿಗೆಮನೆಯ ಹಿಂದೆಯೇ ರೈಲಿನ ಹಳಿ ಇತ್ತು. ಡೀಸೆಲ್ ಇಂಜಿನ್ ಹಾದು ಹೋದಾಗ ಶೆಲ್ಫಿನ ಪಾತ್ರೆ ಅಲುಗಾಡಿದರೆ ಅತ್ತೆ ನನಗೆ ಬಯ್ಯುತ್ತಿದ್ದರು. ರೈಲಿನ ಮೇಲೆ ನನಗೆ ಯಾವ ಮೋಹವೂ ಇರಲಿಲ್ಲ. ಆದರೆ ಆ ಭಾನುವಾರ ನಾಲ್ಕು ಡಬ್ಬಿ ಎಳೆದುಕೊಂಡು ಹಸಿರು ಇಂಜಿನ್ನು ಮೇಜಿನ ತಿರುವು ದಾಟಿ ಬಂದಾಗ, ನಾನು ನಿಲ್ಲಿಸಿದರೆ ನಿಲ್ಲುತ್ತದೆ ಅಂತ ತಿಳಿದಾಗ, ಎದೆಯಲ್ಲಿ ಏನೋ ಸಡಿಲವಾಯಿತು. ಎಷ್ಟೋ ವರ್ಷದಿಂದ ನನ್ನ ಮಾತು ಕೇಳಿದ್ದು ಅದೊಂದೇ.

ಆಮೇಲೆ ಐದಾರು ವರ್ಷ ಆ ಹದಿನೆಂಟೂ ಸರದಿಯಂತೆ ನನ್ನ ಸ್ಟೂಲಿನ ಮುಂದೆ ಬಂದವು. ಹಳೇ ಮೋಟಾರುಗಳ ಆಯಸ್ಕಾಂತ ಸೋಲುತ್ತದೆ. ಸೋತಷ್ಟೂ ಕರೆಂಟು ಜಾಸ್ತಿ ಎಳೆದು ತಂತಿ ಸುಡುತ್ತದೆ. ಯಾವುದಕ್ಕೆ ಯಾವ ಗೇಜು, ತೋಳಿಗೆ ಎಷ್ಟು ಸುತ್ತು, ಯಾವ ಕಡೆಗೆ ಸುತ್ತಬೇಕು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಎರಡು ಮೂರು ತಿಂಗಳಿಗೊಂದು ಭಾನುವಾರ ಅವರ ಮನೆಗೆ ಹೋಗಿ ಓಡಿಸುತ್ತಿದ್ದೆ. ಡಾಕ್ಟರ ಹೆಂಡತಿ ನನಗೆಂದೇ ಸಕ್ಕರೆ ಜಾಸ್ತಿ ಹಾಕಿ ಕಾಫಿ ತರುತ್ತಿದ್ದರು. ಎರಡು ಸಾವಿರದ ಇಸವಿಯ ಹೊತ್ತಿಗೆ ಒಂದು ಸಲ ಡಾಕ್ಟರು ಆ ನೋಟ್‌ಬುಕ್ಕನ್ನು ಒಂದು ವಾರಕ್ಕೆ ಕೇಳಿದರು, ಕೊಟ್ಟೆ. ವಾಪಸ್ಸೂ ಕೊಟ್ಟರು.

ಅದಾದ ಸ್ವಲ್ಪ ದಿನಕ್ಕೆ ತುಮಕೂರಿನ ಒಂದು ಕಾಲೇಜಿನ ಹಾಲಿನಲ್ಲಿ ಅವರ ಇಂಜಿನ್ನುಗಳ ಪ್ರದರ್ಶನ ಆಯಿತು. ಅಬ್ಬಾ ಮದುವೆಗೆ ಹಾಕುವ ಕೋಟು ತೆಗೆಸಿ ಹಾಕಿಕೊಂಡರು. "ನಿನ್ನ ಕೆಲಸ ನೋಡೋಕೆ ಜನ ಬರ್ತಾರೆ ಕಣಮ್ಮ," ಅಂದರು. ಹಾಲಿನ ತುಂಬ ಮಕ್ಕಳು, ಮೇಷ್ಟ್ರುಗಳು, ಬೆಂಗಳೂರಿನಿಂದ ಬಂದ ಇಂಥದೇ ಹುಚ್ಚಿನ ನಾಲ್ಕೈದು ಜನ. ಮೇಜಿನ ಹಿಂದಿನ ಗೋಡೆಗೆ ದೊಡ್ಡ ಚಾರ್ಟು ಹಚ್ಚಿತ್ತು: ಹದಿನೆಂಟು ಇಂಜಿನ್, ಒಂದೊಂದರ ತಂತಿಯ ಗೇಜು, ಸುತ್ತುಗಳ ಸಂಖ್ಯೆ. ನನ್ನ ನೋಟ್‌ಬುಕ್ಕು, ಅವರ ದುಂಡು ಅಕ್ಷರದಲ್ಲಿ. ಕೆಳಗೆ ಅವರ ಹೆಸರು.

ಬೆಂಗಳೂರಿನವರೊಬ್ಬರು ಚಾರ್ಟನ್ನು ಬೆರಳಿಟ್ಟು ಓದಿ ಕೇಳಿದರು, "ಇಷ್ಟು ಸಣ್ಣ ಆರ್ಮೇಚರ್ ಯಾರ ಹತ್ರ ರಿವೈಂಡ್ ಮಾಡ್ಸಿದ್ರಿ ಸಾರ್? ನಮಗೆ ಯಾರೂ ಸಿಗ್ತಿಲ್ಲ."

"ನಾನೇ," ಅಂದರು ಡಾಕ್ಟರು. "ದಿನಾ ಬಾಯೊಳಗೆ ಕೈ ಹಾಕಿ ಮಾಡೋ ಕೆಲಸ ಅಲ್ವ, ಕೈಗೆ ಅಭ್ಯಾಸ."

ನಾನು ಅಲ್ಲೇ ಇದ್ದೆ, ಕೈ ಚಾಚಿದರೆ ಅವರ ತೋಳು ಸಿಗುವಷ್ಟು ಹತ್ತಿರ. ತಿರುಗಿ ನನ್ನನ್ನು ಕಂಡ ಡಾಕ್ಟರು ಒಂದು ಕ್ಷಣ ತಡೆದರು. ಈಗ ಸರಿಮಾಡಬಹುದು ಅಂದುಕೊಂಡೆ. ಅವರು ಅಬ್ಬಾನ ಭುಜದ ಮೇಲೆ ಕೈಯಿಟ್ಟು, "ಇವ್ರು ಇದೇ ಊರಿನವ್ರು, ಪಂಪ್‌ಸೆಟ್ ಅಂಗಡಿ ಇದೆ. ಒಳ್ಳೆ ಜನ," ಅಂದರು. ಅಬ್ಬಾ ಆ ಕೋಟಿನಲ್ಲಿ ಕೈ ಮುಗಿದರು.

ಮನೆಗೆ ನಡೆದು ಬರುವಾಗ ಕೇಳಿದೆ, ಯಾಕೆ ಸುಮ್ಮನಿದ್ದಿರಿ ಅಂತ. "ಗಿರಾಕಿ ಅವ್ರು. ಹೋಗ್ಲಿ ಬಿಡು," ಅಂದರು. ಮನೆಗೆ ಬಂದು ಕೋಟನ್ನು ತಾವೇ ಮಡಿಸಿ ಟ್ರಂಕಿನ ತಳಕ್ಕೆ ಇಟ್ಟರು. ಡಾಕ್ಟರು ಸುಳ್ಳು ಹೇಳಿದ್ದಕ್ಕಿಂತ ಅಬ್ಬಾ ಕೈ ಮುಗಿದದ್ದು ನನಗೆ ಹೆಚ್ಚು ಉರಿಯಿತು.

ಒಂದು ತಿಂಗಳಿಗೆ ಡಾಕ್ಟರು ಬಂದರು, ಏನೂ ಆಗದವರ ಹಾಗೆ. ಕೈಯಲ್ಲಿ ಹಸಿರು ಇಂಜಿನ್ನು. ಮೋಟಾರು ಕಿಡಿ ಹಾರಿಸುತ್ತಿದೆ, ಬೆಂಗಳೂರಿನವರು ಭಾನುವಾರ ಮನೆಗೆ ಬರುತ್ತಾರೆ, ಅಷ್ಟರಲ್ಲಿ ಆಗಬೇಕು ಅಂದರು.

"ಆಗುತ್ತೆ ಸಾರ್," ಅಂದೆ.

ಅವತ್ತು ನಾನು ಮಾಡಿದ್ದನ್ನು ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ತೋಳಿಗೆ ಎಷ್ಟು ಸುತ್ತು ಬೇಕೋ ಅದರ ಮೂರರಲ್ಲಿ ಎರಡು ಭಾಗ ಮಾತ್ರ ಸುತ್ತಿದೆ. ಸುತ್ತು ಕಡಿಮೆಯಾದರೆ ಮೋಟಾರು ಜೋರಾಗಿ ತಿರುಗುತ್ತದೆ, ಕರೆಂಟೂ ಜಾಸ್ತಿ ಕುಡಿಯುತ್ತದೆ. ಐದು ಹತ್ತು ನಿಮಿಷ ಏನೂ ಗೊತ್ತಾಗುವುದಿಲ್ಲ. ಭಾರ ಎಳೆಯುತ್ತ ಓಡಿದರೆ ಕಾದು ಸುಡುತ್ತದೆ. ಬಂದವರ ಮುಂದೆ ನಿಲ್ಲಲಿ, ಯಾಕೆ ಹೀಗಾಯಿತು ಅಂತ ಅವರು ಕೇಳಲಿ, ಆಗ ಉತ್ತರ ಹೇಳಲಿ ಈ ಅಭ್ಯಾಸದ ಕೈ ಅಂತ ನನ್ನ ಲೆಕ್ಕ. ಸುಟ್ಟರೆ ಸುಡುವುದು ತಂತಿ ತಾನೆ. ಮತ್ತೆ ನನ್ನ ಹತ್ತಿರವೇ ತರಬೇಕು, ಆಗ ಸರಿಯಾಗಿ ಸುತ್ತಿಕೊಟ್ಟರಾಯಿತು.

ಒಯ್ಯಲು ಬಂದ ಡಾಕ್ಟರು ಅಂಗಡಿಯಲ್ಲೇ ಒಂದು ಮೊಳ ಹಳಿಯ ಮೇಲೆ ಓಡಿಸಿ ನೋಡಿದರು. "ಅರೆ, ಹೊಸಾದ್ರ ಥರ ಓಡ್ತಿದೆಯಲ್ಲಮ್ಮ!"

"ಹೂಂ ಸಾರ್," ಅಂದೆ. ನನ್ನ ದನಿ ನಡುಗಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಅವರು ಬಂದು ಬಾಗಿಲಲ್ಲಿ ನಿಂತಿದ್ದರು. ಟವೆಲ್ ಬಿಚ್ಚಿ ತೋರಿಸಿದರು. ಹಸಿರು ಇಂಜಿನ್ನಿನ ನೆತ್ತಿ ಕುಸಿದು ಒಳಗೆ ಹೋಗಿತ್ತು. ಕಿಟಕಿಗಳು ವಾಲಿದ್ದವು. ಗುಂಡಗಿನ ಮೂತಿ ಒಂದು ಪಕ್ಕಕ್ಕೆ ಜಾರಿ, ಲಕ್ವ ಹೊಡೆದವರ ಬಾಯಿಯ ಹಾಗೆ ಕಾಣುತ್ತಿತ್ತು. ಆ ಕಾಲದ ಪ್ಲಾಸ್ಟಿಕ್ ಶಾಖ ತಡೆಯುವುದಿಲ್ಲ ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ನನಗೆ ತಂತಿ ಗೊತ್ತಿತ್ತು, ಅದರ ಮೈ ಗೊತ್ತಿರಲಿಲ್ಲ.

"ನನ್ನದೇ ತಪ್ಪು ಸಾಬ್ರೇ," ಅಂದರು. "ಎಂಟು ಡಬ್ಬಿ ಕಟ್ಟಿ ಓಡೋಕೆ ಬಿಟ್ಟು, ಬಂದವ್ರನ್ನ ಕರ್ಕೊಂಡು ಕೆಳಗೆ ಕಾಫಿಗೆ ಇಳ್ದೋದೆ. ವಾಸನೆ ಬಂತು. ಓಡಿ ಹೋಗಿ ನೋಡಿದ್ರೆ ಹಿಂಗೆ."

ನಾನೇ ಮಾಡಿದ್ದು ಅಂತ ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಅಬ್ಬಾ ಒಳಗಿನ ಆರ್ಮೇಚರನ್ನು ಬಿಚ್ಚಿ ಇಟ್ಟುಕೊಂಡು, ನೋಡಿ ಹೇಳುತ್ತೇನೆ ಅಂದರು. ಇಂಜಿನ್ನಿನ ಮೈಯನ್ನು ಡಾಕ್ಟರು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೋದರು.

ಅಬ್ಬಾ ಅವತ್ತು ಕನ್ನಡಕ ಹಾಕಿಕೊಂಡು ನನ್ನ ಸ್ಟೂಲಿನ ಮೇಲೆ ಕೂತರು. ತಮ್ಮ ದಪ್ಪ ಬೆರಳುಗಳಲ್ಲಿ ಆ ಸುಟ್ಟ ತಂತಿಯನ್ನು ಸುತ್ತು ಸುತ್ತಾಗಿ ಬಿಚ್ಚಿ ಎಣಿಸಿದರು. ಮಧ್ಯಾಹ್ನದ ನಮಾಜಿಗೂ ಏಳಲಿಲ್ಲ. ಎಣಿಸಿ ಮುಗಿಸಿ ನನ್ನ ನೋಟ್‌ಬುಕ್ಕು ತೆರೆದು ನೋಡಿದರು.

"ಮರ್ತಿದ್ಯಾ?"

"ಇಲ್ಲ."

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. "ಅವ್ರ ಮೇಲಿನ ಸಿಟ್ಟು ಅವ್ರ ಮೇಲೆ ತೀರಿಸ್ಕೊಬೇಕಿತ್ತು. ಕೆಲಸದ ಮೇಲೆ ತೀರಿಸ್ಕೊಂಡೆ," ಅಂದರು. ನೋಟ್‌ಬುಕ್ಕು ಮುಚ್ಚಿ, "ಇನ್ಮೇಲೆ ನೀನು ಸುತ್ತಿದ್ದನ್ನ ನಾನೊಂದ್ಸಲ ಚೆಕ್ ಮಾಡಿ ಕೊಡ್ತೀನಿ."

ಅಷ್ಟೇ. ಆದರೆ ಆಡಿದ್ದನ್ನು ನಡೆಸಿದರು. ಮಾರನೆಯ ದಿನದಿಂದ ನಾನು ಕಟ್ಟಿದ ಒಂದು ಮೋಟಾರೂ ಅಬ್ಬಾ ಮೀಟರ್ ಹಿಡಿಯದೆ ಅಂಗಡಿಯಿಂದ ಹೊರಗೆ ಹೋಗಲಿಲ್ಲ. ಗಿರಾಕಿ ಎದುರಿಗಿದ್ದಾಗಲೂ ಹಿಡಿಯುತ್ತಿದ್ದರು. ಅಮೃತೂರಿನ ರೈತರೊಬ್ಬರು ಒಂದು ಸಲ, "ಯಾಕ್ ಸಾಬ್ರೇ, ಮಗಳ ಕೆಲಸ ನಂಬಲ್ವಾ?" ಅಂತ ತಮಾಷೆ ಮಾಡಿದರು. ಅಬ್ಬಾ ಮೀಟರಿನ ಮುಳ್ಳನ್ನೇ ನೋಡುತ್ತಿದ್ದರು.

ಡಾಕ್ಟರು ಮತ್ತೆ ಬರಲಿಲ್ಲ. ಇಂಜಿನ್ ಓಡಿಸುವುದನ್ನೇ ಬಿಟ್ಟರು ಅಂತ ಕೇಳಿದೆ. ಎರಡು ವರ್ಷ ತಡೆದು, ತಡೆಯಲಾರದೆ ಒಂದು ಭಾನುವಾರ ಒಬ್ಬಳೇ ಕುಣಿಗಲ್ ಬಸ್ಸು ಹತ್ತಿದೆ. ಅಬ್ಬಾನಿಗೆ ಹೇಳಿಯೇ ಹೋದೆ.

ಮೇಲಿನ ರೂಮಿನಲ್ಲಿ ಹಳಿ ಕಿತ್ತಿದ್ದರು. ಮೇಜಿನ ಮೇಲೆ ಕ್ಲಿನಿಕ್ಕಿನ ರಟ್ಟಿನ ಪೆಟ್ಟಿಗೆಗಳು. ಬೀರುವಿನಲ್ಲಿ ಹದಿನೇಳು ಇಂಜಿನ್ನು ಸಾಲಾಗಿ ನಿಂತಿದ್ದವು, ಕೆಳಗಿನ ಹಲಗೆಯ ಮೇಲೆ ಆ ಕುಸಿದದ್ದು. ನಾನು ನಿಂತುಕೊಂಡೇ ಹೇಳಿದೆ. ಸುತ್ತು ಕಡಿಮೆ ಹಾಕಿದ್ದು, ಬೇಕೆಂದೇ ಹಾಕಿದ್ದು, ಪ್ರದರ್ಶನದ ದಿನ ಅವರು ಅಂದ ಮಾತಿಗೆ ಹಾಕಿದ್ದು. ಒಂದೂ ಬಿಡಲಿಲ್ಲ.

ಅವರು ಕೇಳಿಸಿಕೊಂಡರು. ಆಮೇಲೆ ನಕ್ಕರು, ಮಗು ಏನೋ ಹೇಳಿದರೆ ನಗುವ ಹಾಗೆ.

"ಇಲ್ಲಮ್ಮ, ಸುಮ್ನೆ ತಲೆಗೆ ಹಚ್ಕೊಂಡಿದೀಯ. ಎಂಟು ಡಬ್ಬಿ ಕಟ್ಟಿದ್ದು ನಾನು. ಎಷ್ಟು ಸುತ್ತಿಗೆ ಎಷ್ಟು ಕರೆಂಟು ಅನ್ನೋದೆಲ್ಲ ನಿಂಗೆಲ್ಲಿ ಗೊತ್ತಾಗುತ್ತೆ? ಲೆಕ್ಕ ಎಲ್ಲ ನಾನೇ ತಾನೆ ಬರ್ಕೊಟ್ಟಿದ್ದು."

"ನೀವಾ ಸಾರ್?"

"ಮತ್ತೆ? ಚಾರ್ಟ್ ಇನ್ನೂ ಇದೆ ನೋಡು ಬೇಕಾದ್ರೆ."

ಮುಖ ನೋಡಿದೆ. ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿಕೊಂಡುಬಿಟ್ಟಿದ್ದರು. ನಾನು ಚೆನ್ನಾಗಿ ಮಾಡಿದ ಹದಿನೆಂಟು ಕೆಲಸವನ್ನು ಮೊದಲೇ ಇಟ್ಟುಕೊಂಡಿದ್ದರು, ಈಗ ಕೆಡಿಸಿದ ಒಂದನ್ನೂ ತಾವೇ ಇಟ್ಟುಕೊಂಡರು. ಅವರ ಹೆಂಡತಿ ಕಾಫಿ ತಂದರು. ಸಕ್ಕರೆ ಜಾಸ್ತಿಯೇ ಇತ್ತು. ಕುಡಿದು ಎದ್ದು ಬಂದೆ.

ನಾನು ಬಂದಾಗ ಅಬ್ಬಾ ಮನೆಯ ಜಗಲಿಯ ಮೇಲೆ ಕೂತಿದ್ದರು.

"ಹೇಳ್ದ್ಯಾ?"

"ಹೇಳ್ದೆ."

"ಏನಂದ್ರು?"

"ನಂಬ್ಲಿಲ್ಲ."

ಅಬ್ಬಾ ತಲೆಯಾಡಿಸಿದರು. ಇನ್ನಾದರೂ ಮೀಟರು ಹಿಡಿಯುವುದನ್ನು ಬಿಡುತ್ತಾರೇನೋ ಅಂತ ನನಗೊಂದು ಆಸೆ ಇತ್ತು. ಮಾರನೆಯ ಬೆಳಿಗ್ಗೆ ಗೂಳೂರಿನವರ ಮೂರು ಎಚ್‌ಪಿ ಮೋಟಾರು ಕಟ್ಟಿ ಮುಗಿಸಿದೆ. ಅಬ್ಬಾ ಎದ್ದು ಬಂದು, ಅದರ ತುದಿಗಳಿಗೆ ಮೀಟರಿನ ಎರಡು ವೈರು ಹಚ್ಚಿದರು.