ರಹ್ಮಾ ಹಡಗಿನ ಮೇಲೊಂದು ಚುಕ್ಕೆ

ಬಯೂಮಿಗೆ ಕೂತಲ್ಲಿ ಕೂತಿರುವುದು ಗೊತ್ತಿರಲಿಲ್ಲ. ಅಲೆಕ್ಸಾಂಡ್ರಿಯಾ ಬಂದರಿನ ಹಿಂದಿನ ಕಾಫಿ ಅಂಗಡಿಯಲ್ಲಿ ಚಹಾ ಬರುವಷ್ಟರಲ್ಲಿ ಎರಡು ಕುರ್ಚಿ ಬದಲಿಸುತ್ತಿದ್ದ, ಬಂದ ಚಹಾವನ್ನು ನಿಂತೇ ಕುಡಿಯುತ್ತಿದ್ದ. ಹಡಗುಗಳ ಮೂತಿಗೆ ಹೆಸರು ಬರೆಯುವುದು ಅವನ ಕಸುಬು. ಅವನು ಬರೆದ ಹೆಸರುಗಳು ಮಾರ್ಸೇ, ಒಡೆಸ್ಸಾ ಎಲ್ಲ ಸುತ್ತಿ ಬರುತ್ತಿದ್ದವು. ಅವನು ಮಾತ್ರ ಬಂದರಿನ ಕಲ್ಲುಕಟ್ಟೆ ದಾಟಿದವನಲ್ಲ.

"ಊರವರ ಹೆಸರನ್ನೆಲ್ಲ ಸಮುದ್ರಕ್ಕೆ ಕಳಿಸ್ತೀಯ. ನಿನ್ನ ಹೆಸರು ಈ ಬೀದಿ ಮೂಲೆವರೆಗೂ ಹೋಗಿಲ್ಲ" ಎಂದು ಹೆಂಡತಿ ನಬವಿಯಾ ರೊಟ್ಟಿಯ ಜೊತೆಗೆ ಇದನ್ನೂ ಬಡಿಸುತ್ತಿದ್ದಳು.

ಅವನ ಕಣ್ಣಿದ್ದದ್ದು ಒಂದೇ ಹಡಗಿನ ಮೇಲೆ. ಯುದ್ಧಕಾಲದಲ್ಲಿ ಎಲ್ಲೋ ದೂರದಲ್ಲಿ ಅವಸರವಸರವಾಗಿ ಬೆಸೆದು ನೀರಿಗೆ ತಳ್ಳಿದ ಉಗಿ ಹಡಗು ಅದು. ಮದ್ದುಗುಂಡು, ಹಿಟ್ಟು ಹೊತ್ತು ಮೊದಲ ಸಲ ಈ ಬಂದರಿಗೆ ಬಂದಾಗ, ಯಾವನೋ ದಂಡನಾಯಕನ ಹೆಸರನ್ನು ಮೂತಿಯ ಮೇಲೆ ಕಬ್ಬಿಣದಲ್ಲೇ ಉಬ್ಬಾಗಿ ಬೆಸೆದಿದ್ದರು. ಯುದ್ಧ ಮುಗಿಯಿತು, ಒಬ್ಬ ಗ್ರೀಕ ಕೊಂಡ. 'ಇವಾಂಥಿಯಾ' ಎಂದು ಹೆಂಡತಿಯ ಹೆಸರಿಟ್ಟ. ಅವನ ಕೈಯಿಂದ ಬೈರೂತಿನ ವ್ಯಾಪಾರಿಯ ಕೈಗೆ ಹೋಗಿ ಹಡಗು 'ನಜ್ಮಾ' ಆಯಿತು. ಎರಡು ಸಲವೂ ಹೆಸರು ಬರೆದವನು ಬಯೂಮಿ. ಹಳೆಯ ಉಬ್ಬಕ್ಷರಗಳನ್ನು ಕೆತ್ತಿ ತೆಗೆಯುವವರಿಗೆ ಅವನು ಮೊದಲೇ ಹೇಳಿದ್ದ: "ಒಂದು ಗುಬುಟು ಬಿಡ್ರಯ್ಯಾ, ಬಣ್ಣದ ಡಬ್ಬಿ ನೇತುಹಾಕೋಕೆ. ಹಲಗೆ ಮೇಲೆ ತೂಗಾಡೋನಿಗೆ ಮೂರನೇ ಕೈ ಇರುತ್ತಾ?"

ಬಿಟ್ಟರು. ನಜ್ಮಾ ಎಂದು ಅರಬ್ಬಿಯಲ್ಲಿ ಬರೆಯುವಾಗ ಅದೇ ಗುಬುಟು ಮೊದಲಕ್ಷರದ ಮೇಲಿನ ಚುಕ್ಕೆಯ ಜಾಗಕ್ಕೆ ಸರಿಯಾಗಿ ಕೂತಿತು. ಬಯೂಮಿ ಖುಷಿಯಿಂದ ಅದಕ್ಕೂ ಬಿಳಿ ಬಳಿದ.

ಮುಂದಿನ ಯಜಮಾನ ಊರಿನವನೇ, ಈರುಳ್ಳಿ ಸಾಗಿಸುವ ಹಾಜಿ ಝನ್ನಾತಿ. ತೀರಿಹೋದ ತಾಯಿಯ ಹೆಸರು ಇಡಬೇಕೆಂದ: ರಹ್ಮಾ. ಕರುಣೆ ಎಂದರ್ಥ.

"ಹಾಜಿ, ಈ ಸಲ ನನ್ನನ್ನೂ ಹತ್ತಿಸ್ಕೊಳ್ಳಿ" ಎಂದ ಬಯೂಮಿ. "ಡೆಕ್ ಉಜ್ತೀನಿ, ಈರುಳ್ಳಿ ಮಗುಚ್ತೀನಿ, ಏನಾದ್ರೂ ಮಾಡ್ತೀನಿ. ಕಾಲು ನಿಲ್ತಾ ಇಲ್ಲ."

"ನಮ್ಮಮ್ಮ ಮೆಚ್ಚೋ ಹಾಗೆ ಬರಿ. ಆಮೇಲೆ ನೋಡೋಣ."

ಬಯೂಮಿ ಬರೆದ. ಅಷ್ಟು ಚೆಂದದ ಅಕ್ಷರ ಅವನ ಕೈಯಿಂದ ಹಿಂದೆ ಬಂದಿರಲಿಲ್ಲ. ಆದರೆ ಮನಸ್ಸು ಆಗಲೇ ಹಡಗು ಹತ್ತಿ ಹೋಗಿತ್ತು. ಬರೆದು ಮುಗಿಸಿದವನು ದೂರ ನಿಂತು ಒಮ್ಮೆ ನೋಡದೆ, ಬಟ್ಟೆ ಗಂಟು ಕಟ್ಟಲು ಮನೆಗೆ ಓಡಿದ.

ಹೊರಡುವ ದಿನ ಕಟ್ಟೆಯ ಮೇಲೆ ಹಮಾಲರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಡಗೆಳೆಯುವ ದೋಣಿಯವನು ಹಡಗನ್ನೇ ಕೂಗಿ ಕರೆದ: "ಏ ನೂಕುನುಗ್ಗಲು, ಸ್ವಲ್ಪ ಆಕಡೆ ಸರಿ, ನಮಗೂ ಜಾಗ ಬಿಡು."

ಬಯೂಮಿ ತಲೆ ಎತ್ತಿದ. ಕಪ್ಪು ಬಳಿದು ಮುಚ್ಚಲು ಮರೆತ ಹಳೇ ಗುಬುಟು ಬೆಳ್ಳಗೆ ಹೊಳೆಯುತ್ತ 'ರ' ಅಕ್ಷರದ ನೆತ್ತಿಯ ಮೇಲೆ ಕೂತಿತ್ತು. ಅರಬ್ಬಿಯಲ್ಲಿ ಅಲ್ಲೊಂದು ಚುಕ್ಕೆ ಬಿದ್ದರೆ 'ರ' ಹೋಗಿ 'ಝ' ಆಗುತ್ತದೆ. ರಹ್ಮಾ ಹೋಗಿ ಝಹ್ಮಾ. ಕರುಣೆ ಹೋಗಿ ನೂಕುನುಗ್ಗಲು.

"ನಮ್ಮಮ್ಮನ್ನ ಟ್ರಾಮ್ ಸ್ಟಾಪ್ ಮಾಡಿಟ್ಯಲ್ಲೋ" ಎಂದ ಹಾಜಿ. ದನಿ ಏರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಆ ಗಂಟು ಬಿಚ್ಚು. ಮನೆಗೆ ನಡಿ."

ಬಯೂಮಿ ಮನೆಗೆ ನಡೆಯಲಿಲ್ಲ. ಚಾಣ, ಸುತ್ತಿಗೆ ಹಿಡಿದು ಹಲಗೆಯ ಮೇಲೆ ಇಳಿದ. ಬಣ್ಣದ ಡಬ್ಬಿಯ ತಂತಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇಷ್ಟು ವರ್ಷ ತಾನೇ ಉಳಿಸಿಕೊಂಡಿದ್ದ ಗುಬುಟನ್ನು ತಾನೇ ಹೊಡೆದ. ಯುದ್ಧದ ಹೆಸರಿನ ಕೊನೆಯ ಚೂರು ನೀರಿಗೆ ಬಿತ್ತು. ಬೆತ್ತಲೆ ಕಬ್ಬಿಣಕ್ಕೆ ತುಕ್ಕು ತಡೆಯುವ ಕೆಂಪು ಬಣ್ಣ ಹಚ್ಚಿದ.

"ಬಿಳಿ ಹೋಗಿ ಕೆಂಪು ಚುಕ್ಕೆ ಬಂತು" ಎಂದ ಹಾಜಿ.

"ಅದರ ಮೇಲೆ ಹಡಗಿನ ಮೈಯ ಕಪ್ಪು ಬಳಿದ್ರೆ ಮುಚ್ಚುತ್ತೆ ಹಾಜಿ. ಆದ್ರೆ ಇದು ಒಣಗ್ಬೇಕು. ಹಸಿ ಮೇಲೆ ಬಳಿದ್ರೆ ಸುಲಿದು ಬರುತ್ತೆ."

ಕಪ್ತಾನ ಶುಕ್ರಿ ಮೇಲಿಂದ ಬಗ್ಗಿದ. "ಕೆಳಗೆ ಈರುಳ್ಳಿ ಬೆಚ್ಚಗಾಗ್ತಿದೆ ಹಾಜಿ. ಇನ್ನೂ ಕಾದ್ರೆ ತ್ರಿಯೆಸ್ತೆಗೆ ಈರುಳ್ಳಿ ಹೋಗಲ್ಲ, ತೋಟ ಹೋಗುತ್ತೆ."

ಹಾಜಿ ಚುಕ್ಕೆಯನ್ನು ನೋಡಿದ, ಹಡಗನ್ನು ನೋಡಿದ, ಗಂಟನ್ನು ನೋಡಿದ. "ಹತ್ತು. ದಾರೀಲಿ ಒಣಗಿಸು, ಅಲ್ಲಿ ಬಳಿ. ವಾಪಸ್ ಬರುವಾಗ ಚುಕ್ಕೆ ಕಂಡ್ರೆ ನೀನೂ ಆ ಗುಬುಟಿನ ದಾರಿ ಹಿಡೀತೀಯ."

ಬಯೂಮಿ ಹಮಾಲರ ಕಡೆ ತಿರುಗಿ, "ನಮ್ಮನೇಲಿ ಹೇಳಿ, ಊಟಕ್ಕೆ ಕಾಯೋದು ಬೇಡ ಅಂತ" ಎಂದ.

ಸಮುದ್ರದಲ್ಲೂ ಅವನು ಒಂದೆಡೆ ನಿಲ್ಲಲಿಲ್ಲ. ಮೂತಿಯಿಂದ ಬಾಲಕ್ಕೆ, ಬಾಲದಿಂದ ಮೂತಿಗೆ ನಡೆದೇ ನಡೆದ. ಆದರೆ ಇಲ್ಲಿ ಅವನು ನಿಂತರೂ ಕಾಲ ಕೆಳಗೆ ಹಡಗು ಹೋಗುತ್ತಲೇ ಇರುತ್ತಿತ್ತು. ಅವನಿಗೆ ಬೇಕಾದದ್ದೂ ಅದೇ. ತ್ರಿಯೆಸ್ತೆಯಲ್ಲಿ ಕಪ್ಪು ಬಳಿದ. ವಾಪಸ್ ಅಲೆಕ್ಸಾಂಡ್ರಿಯಾಕ್ಕೆ ಬರುವಾಗ ಅದೇ ಜಾಗದಲ್ಲಿ ತುಕ್ಕು ಕೆಂಪಗೆ ಎದ್ದಿತ್ತು. ಹಾಜಿ ಬಾಯಿಗೆ ಬಂದಂತೆ ಬೈದ, ಸರಿಮಾಡು ಎಂದು ಮತ್ತೆ ಹತ್ತಿಸಿದ. ಮುಂದಿನ ಸಲವೂ ಇದೇ ಕತೆ. ಹಾಜಿ ಆ ಹಡಗನ್ನು ಸೈಪ್ರಸ್ಸಿನವನಿಗೆ ಮಾರುವವರೆಗೂ ಚುಕ್ಕೆ ವಾಸಿಯಾಗಲೇ ಇಲ್ಲ.

"ಉಳಿದ ಕಡೆ ತುಕ್ಕಿಲ್ಲ. ಅಲ್ಲೇ ಯಾಕಯ್ಯಾ?" ಎಂದು ಕಪ್ತಾನ ಒಮ್ಮೆ ಕೇಳಿದ.

"ಹಳೇ ಗಾಯ ಕಪ್ತಾನ್."

"ಹಳೇ ಗಾಯ ಸರಿ. ಅದಕ್ಕೆ ನಿಂಬೆಹಣ್ಣಿನ ಹುಳಿ ಉಜ್ಜಿ ಮತ್ತೆ ತುಕ್ಕು ಹಿಡಿಸೋ ವೈದ್ಯ ಯಾರು?" ಎಂದ ಶುಕ್ರಿ, ಬಯೂಮಿಯ ಜೇಬಿನ ಉಬ್ಬು ನೋಡುತ್ತ. ನಗುತ್ತ ತನ್ನ ಕೆಲಸಕ್ಕೆ ಹೋದ.

ನಬವಿಯಾಗೆ ಅವನು ಏನನ್ನೂ ಹೇಳಿರಲಿಲ್ಲ. ಪ್ರತಿ ಸಲ ಹೊರಡುವಾಗಲೂ ಅವಳು ಗಂಟು ಕಟ್ಟಿಕೊಡುತ್ತ, "ಇನ್ನೂ ಒಣಗಿಲ್ವಾ ನಿನ್ನ ಬಣ್ಣ?" ಎಂದು ಕೇಳುತ್ತಿದ್ದಳು.

"ಸಮುದ್ರ ಕಣೇ. ತೇವ ಜಾಸ್ತಿ."

"ಹೌದೌದು" ಎಂದು ಅವಳು ಗಂಟನ್ನು ಬಿಗಿಯುತ್ತಿದ್ದಳು. "ನಿಂಬೆಹಣ್ಣು ಇಟ್ಟಿದೀನಿ. ಎಲ್ಲಾನೂ ಹಡಗಿಗೇ ತಿನ್ನಿಸ್ಬೇಡ, ಒಂದನ್ನಾದ್ರೂ ನೀನು ತಿನ್ನು."