ಕರಾಳಿಯ ಹೆಸರು

ಅಮ್ಮಾ, ನಿನ್ನ ಮಾತನ್ನು ನಾನು ತಿರುಚಿದೆ. ನೀನು ಹೇಳಿದ್ದು ಒಂದು, ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇನ್ನೊಂದು. ನೀನು ಪಕ್ಕದಲ್ಲೇ ಕೂತಿದ್ದೆ — ನಿನಗೆ ಇಂಗ್ಲಿಷ್ ಬರುವುದಿಲ್ಲವೆಂಬ ಧೈರ್ಯ ನನಗೆ.

ಅಂದು ಮಸ್ಕತ್ತಿನ ಅಲ್ ಮಬೇಲಾದ ನಮ್ಮ ಮನೆಗೆ ನಮ್ಮ ಆಫೀಸಿನ ಮ್ಯಾನೇಜರ್ ಬಂದಿದ್ದರು. ಇಂಗ್ಲೆಂಡಿನವರು. ತಮ್ಮ ವಂಶದ ಹಿರಿಯನೊಬ್ಬನ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಕ್ರಾಲಿ ಎಂಬ ಸೈನಿಕ. ಎಳೆ ವಯಸ್ಸಿಗೇ ದಂಡಿನೊಡನೆ ಘಟ್ಟದ ಬುಡದ ನಮ್ಮೂರಿಗೆ ಬಂದವನು, ಕಂದಾಯ ಕೊಡೆವು ಎಂದವರನ್ನು 'ಶಾಂತಗೊಳಿಸಿ' ಮೇಲೇರಿದವನು, ಕೊನೆಗೆ ಕಡಲಾಚೆಯ ಯಾವುದೋ ದ್ವೀಪಕ್ಕೆ ಗವರ್ನರ್ ಆದವನು. ಅದು ನಮ್ಮೂರೇ ಸಾರ್ ಎಂದು ಆಫೀಸಿನಲ್ಲಿ ಜಂಬ ಕೊಚ್ಚಿದವನು ನಾನು. ನೀನು ಆಗ ವಿಸಿಟ್ ವೀಸಾದಲ್ಲಿ ಬಂದಿದ್ದೆ. ನಿನ್ನನ್ನೇ ಕೇಳಬೇಕೆಂದು ಬಂದರು.

ನಿನ್ನ ಗೋಳಿಬಜೆ ತಿನ್ನುತ್ತ ಕೇಳಿದರು — ಕ್ರಾಲಿಯ ನೆನಪು ಊರಲ್ಲಿ ಇನ್ನೂ ಇದೆಯೇ?

ಹೆಸರು ಕಿವಿಗೆ ಬಿದ್ದದ್ದೇ ನೀನು ನಕ್ಕೆ. "ಓ, ಕರಾಳಿಯಾ! ನೆನಪಿಲ್ಲದೆ? ನಮ್ಮ ಅಜ್ಜನ ಅಜ್ಜನ ಭತ್ತದ ಕಣಜಕ್ಕೆ ಬೆಂಕಿ ಕೊಟ್ಟ ಪಾಪಿ ಅಲ್ಲವಾ ಅವನು? ಆ ಮಳೆಗಾಲ ಮನೆಯ ಮಕ್ಕಳು ಹಸಿವಿನಲ್ಲಿ ಸತ್ತವಂತೆ. ಅಂದಿನಿಂದ ನಮ್ಮಲ್ಲಿ ನಾಯಿ ಸಾಕಿದರೆ ಒಂದೇ ಹೆಸರು, ಕರಾಳಿ. ದಿನಾ ಕರೆದು ಹಳಸಿದ ಅನ್ನ ಹಾಕುವುದು. ಹೇಳು ಮಗ, ಹೀಗೇ ಹೇಳು. ಬೆಣ್ಣೆ ಹಚ್ಚಬೇಡ."

ನಾನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಅವರ ಹೆಸರನ್ನು ನಮ್ಮ ಮನೆಯಲ್ಲಿ ಇಂದಿಗೂ ದಿನಾ ಕರೆಯುತ್ತಾರೆ."

ಸುಳ್ಳಲ್ಲ. ಅದೇ ನನ್ನ ಜಾಣತನ — ಥೂ! ಕೆಲಸ ಹೋದೀತೆಂಬ ಹೆದರಿಕೆಯಿಂದ ಎಂದು ಬರೆಯಬಹುದು. ಅದೂ ಅಲ್ಲ. ನನ್ನ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಅವರ ಮುಖ ಅರಳುವುದನ್ನು ನೋಡಬೇಕಿತ್ತು ನನಗೆ, ಅಷ್ಟೇ. ನೋಡು, ಈಗಲೂ 'ಅವರು' ಎಂದೇ ಬರೆಯುತ್ತಿದ್ದೇನೆ. ನನ್ನ ಕೈಗೆ ಇನ್ನೊಂದು ಬರುವುದಿಲ್ಲ.

ಅವರ ಕಣ್ಣು ತುಂಬಿತು. ಎದ್ದು ಬಂದು ನಿನ್ನ ಎರಡೂ ಕೈ ಹಿಡಿದುಕೊಂಡರು. ನೀನು ನನ್ನತ್ತ ತಿರುಗಿ ಹೇಳಿದೆ: "ಪಾಪ, ಕ್ಷಮೆ ಕೇಳುತ್ತಿದ್ದಾನಲ್ಲ. ಇವನೇನು ಮಾಡಿದ್ದಾನೆ? ಆಯಿತು ಬಿಡು ಎನ್ನು. ಇನ್ನೆರಡು ಬಜೆ ಹಾಕು ಅವನಿಗೆ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಜೆ ಹಾಕಿದೆ.

ಊರಿಗೆ ಹೋಗಿ ನೀನು ಎಲ್ಲರಿಗೂ ಸಾರಿದೆ — ಕರಾಳಿಯ ವಂಶದವನು ನನ್ನ ಕೈ ಹಿಡಿದು ತಪ್ಪಾಯಿತು ಎಂದ. ಆಮೇಲೆ ಹುಟ್ಟಿದ ನಾಯಿಮರಿಗೆ ರಾಜು ಎಂದು ಹೆಸರಿಟ್ಟೆ. ಅಷ್ಟು ತಲೆಮಾರು ಕಾದಿಟ್ಟ ಸಿಟ್ಟನ್ನು ಅಂಗಳದಲ್ಲಿ ಇಳಿಸಿ ಕೈತೊಳೆದುಕೊಂಡೆ. ಯಾರೂ ಕೇಳದ ಕ್ಷಮೆಯನ್ನು ಕೊಟ್ಟು ನೀನು ಹೋದೆ.

ನಿನ್ನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಮಸ್ಕತ್ತಿಗೆ ಬಂದರೆ ಮೇಜಿನ ಮೇಲೆ ಅವರ ಪುಸ್ತಕ. ಅದರಲ್ಲಿ ನೀನಿದ್ದೀ — ಗವರ್ನರರ ಹೆಸರನ್ನು ದಿನವೂ ಪ್ರೀತಿಯಿಂದ ನೆನೆಯುವ ಹಳ್ಳಿಯ ಮುದುಕಿ. ಪ್ರೀತಿಯಿಂದ! ಆ ಪದ ಅವರು ಸೇರಿಸಿದ್ದು. ಅದಕ್ಕೆ ಜಾಗ ಮಾಡಿಕೊಟ್ಟದ್ದು ನಾನು.

ಅವರ ಕೋಣೆಗೆ ಹೋಗಿ ನಿನ್ನ ಮಾತು ಅಷ್ಟನ್ನೂ ಹೇಳಿದೆ. ಕಣಜ, ಮಕ್ಕಳು, ನಾಯಿ. ಅವರು ಕನ್ನಡಕ ತೆಗೆದು ಒರೆಸಿದರು. ಎಷ್ಟು ಹಳೆಯ ಕಥೆ ಎಂದರು. ಪುಸ್ತಕ ಅಚ್ಚಾಗಿದೆಯಲ್ಲ, ಖಲಾಸ್, ಎಂದು ನಕ್ಕರು. ಖಲಾಸ್! ಆದರೆ ಯಾರ ಮೇಲೆ ಕೂಗಾಡಲಿ? ಅವರ ಹಿರಿಯ ಸುಟ್ಟದ್ದು ಭತ್ತ. ನಾನು —

ಊರಲ್ಲಿರುವ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನ ಹಿಂದೆ ರಾಜು ಬೊಗಳುವುದು ಕೇಳುತ್ತಿತ್ತು.

"ಅಣ್ಣ, ಹಾಗಾದರೆ ಇದನ್ನು ಇನ್ನು ಏನಂತ ಕರೆಯುವುದು?"

ನನ್ನ ಹೆಸರಿಡು ಎಂದೆ. ತಮಾಷೆಗೆ ಹೇಳಲಿಲ್ಲ, ಅಮ್ಮಾ.