ಸಬ್ಬಸಿಗೆ ಹುಡುಕಿದ ಭಾನುವಾರಗಳು

ಮಗುವಿಗೆ ಐದು ವಾರವಾದಾಗ ಮನೆಗೆ ಬರುವ ನರ್ಸ್ ಅವಳನ್ನು ತಕ್ಕಡಿಯ ಮೇಲೆ ಮಲಗಿಸಿ ಅಂಕಿ ನೋಡಿದರು. ಎತ್ತಿ ಮತ್ತೆ ಮಲಗಿಸಿ ನೋಡಿದರು. ತೂಕ ಹಿಂದಿನ ವಾರ ಇದ್ದಲ್ಲೇ ನಿಂತಿತ್ತು. "ನಿನ್ನ ಹಾಲಿನ ಜೊತೆಗೆ ಬಾಟಲಿ ಹಾಲನ್ನೂ ಶುರುಮಾಡು. ಅದರಲ್ಲಿ ತಪ್ಪೇನೂ ಇಲ್ಲ," ಎಂದರು. ನಾನು ತಲೆಯಾಡಿಸಿದೆ. ಸಂಜೆ ಗಂಡ ಪುಡಿ ಹಾಲಿನ ಡಬ್ಬಿ ತಂದ. ಅದನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಅಕ್ಕಿ ಚೀಲದ ಹಿಂದೆ ಇಟ್ಟೆ.

ಮೈಸೂರಿನಲ್ಲಿರುವ ಅಮ್ಮನಿಗೆ ಮಂಡಿಯ ಆಪರೇಷನ್ ಆಗಿ ಬಾಣಂತನಕ್ಕೆ ಬರಲಾಗಿರಲಿಲ್ಲ. ಫೋನಿನಲ್ಲೇ ಬಾಣಂತನ ಮಾಡುತ್ತಿದ್ದರು.

"ಬಾಟ್ಲಿ ಗೀಟ್ಲಿ ಏನೂ ಬೇಡ. ಸಬ್ಬಸಿಗೆ ಸೊಪ್ಪು ತಿನ್ನು. ನೀನು ಹುಟ್ದಾಗ ನಮ್ಮಮ್ಮ ಎರಡು ಹೊತ್ತೂ ಅದನ್ನೇ ಹಾಕಿದ್ದು. ಸೀರೆಯೆಲ್ಲ ನೆನೆಯೋದು ಕಣೇ, ಅಷ್ಟು ಹಾಲು."

ನಾವಿರುವ ಪರದೇಶದ ಊರು ಪಾಮರ್ಸ್ಟನ್ ನಾರ್ತ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಸಬ್ಬಸಿಗೆ ಸಿಗುತ್ತಿತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಎಸಳು, ಮೀನಿನ ಮೇಲೆ ಉದುರಿಸುವುದಕ್ಕೆ. ಬಾಣಂತಿಗೆ ಬೇಕಾದದ್ದು ಕಟ್ಟುಗಟ್ಟಲೆ. ಹಾಗಾಗಿ ಭಾನುವಾರ ಬೆಳಿಗ್ಗೆ ಮಗುವನ್ನು ಪ್ರ್ಯಾಮ್‌ನಲ್ಲಿ ಮಲಗಿಸಿಕೊಂಡು ಸಂತೆಗೆ ಹೊರಟೆ.

ಕಾರು ನಿಲ್ಲಿಸುವ ಬಯಲಿನಲ್ಲಿ ಸೇರುವ ಸಂತೆ ಅದು. ಒಂದು ಸಾಲಿನಲ್ಲಿ ದ್ವೀಪಗಳ ಕಡೆಯ ಹೆಂಗಸರು ಕೆಸುವಿನ ಗಡ್ಡೆ, ಮರಗೆಣಸು, ಸಿಪ್ಪೆ ಸುಲಿದ ತೆಂಗಿನಕಾಯಿ ಇಟ್ಟುಕೊಂಡು ಕೂತಿರುತ್ತಿದ್ದರು. ಇನ್ನೊಂದು ಸಾಲಿನಲ್ಲಿ ಜೇನು, ಹೆಣೆದ ಟೋಪಿ, ಮರದ ಆಟಿಕೆ. ಎಣ್ಣೆಯಲ್ಲಿ ಕರಿದ ಬ್ರೆಡ್ಡಿನ ವಾಸನೆ ಎಲ್ಲೆಡೆ. ಬೇರೆ ದಿನಗಳಲ್ಲಾಗಿದ್ದರೆ ಒಂದೊಂದನ್ನೂ ನಿಂತು ನೋಡುತ್ತಿದ್ದೆ. ಅವತ್ತು ನನ್ನ ಕಣ್ಣಿಗೆ ಸೊಪ್ಪು ಮಾತ್ರ ಕಾಣುತ್ತಿತ್ತು.

ಕೊನೆಯ ಮೇಜಿನ ಬಕೆಟ್ಟಿನಲ್ಲಿ ಅದು ಸಿಕ್ಕಿತು. ನವಿರಾದ ಎಳೆಗಳ ದೊಡ್ಡ ದೊಡ್ಡ ಕಟ್ಟು. ಹೆಸರು ಬರೆದಿರಲಿಲ್ಲ. ನಾನು ಕೇಳಲಿಲ್ಲ. ಮೂರು ಕಟ್ಟು ತಂದೆ. ಮಧ್ಯಾಹ್ನ, ಮೈಸೂರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ, ಫೋನಿನ ಕ್ಯಾಮೆರಾದೆದುರು ಹಿಡಿದೆ.

"ಇದೇ ಕಣೇ! ಎಷ್ಟು ಸೊಂಪಾಗಿದೆ ನೋಡು!" ಎಂದರು ಅಮ್ಮ.

ಹೆಸರುಬೇಳೆ ಹಾಕಿ ಪಲ್ಯ ಮಾಡಿದೆ, ಹುಳಿ ಮಾಡಿದೆ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟೆ. ಏನೋ ಸಿಹಿ ಸಿಹಿ ರುಚಿ. ಇಲ್ಲಿನ ಮಣ್ಣಿನ ಗುಣ ಇರಬೇಕು ಅಂದುಕೊಂಡೆ. ತಿನ್ನುವುದು, ಎದೆಗೆ ಹಾಕಿಕೊಳ್ಳುವುದು, ಎಷ್ಟು ನಿಮಿಷ ಕುಡಿದಳೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮಗು ಐದು ನಿಮಿಷ ಚೀಪಿ, ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದ್ದಳು. ಆಮೇಲೆ ಅಳುವುದನ್ನೂ ಬಿಟ್ಟು ನಿದ್ದೆಹೋಗುತ್ತಿದ್ದಳು. ಆ ನಿದ್ದೆಯೇ ನನಗೆ ಹೆಚ್ಚು ಭಯ ತರಿಸುತ್ತಿತ್ತು. ಗಂಡ ಕಪಾಟಿನ ಕಡೆ ನೋಡುತ್ತಿದ್ದ. ನಾನು ಅವನ ಕಡೆ ನೋಡುತ್ತಿರಲಿಲ್ಲ.

ಎರಡನೆಯ ಭಾನುವಾರ ಇನ್ನೂ ಮೂರು ಕಟ್ಟು ತೆಗೆದುಕೊಂಡು, ಬುಟ್ಟಿ ಹೆಣೆಯುವ, ಇಲ್ಲಿನ ಮೂಲನಿವಾಸಿ ಮಾವೊರಿ ಜನದ ಹೆಂಗಸಿನ ಮೇಜಿನ ಬಳಿ ಸುಧಾರಿಸಿಕೊಳ್ಳಲು ನಿಂತೆ. ಅರವತ್ತರ ಆಸುಪಾಸಿನವರು. ಕತ್ತಿಯಂಥ ಉದ್ದನೆಯ ಹಸಿರು ನಾರೆಲೆಗಳನ್ನು ಉಗುರಿನಿಂದ ಸೀಳಿ, ತೊಡೆಯ ಮೇಲಿಟ್ಟುಕೊಂಡು ಹೆಣೆಯುತ್ತಿದ್ದರು. ಒಬ್ಬ ಗಿರಾಕಿ ಕರಿದ ಬ್ರೆಡ್ ಕಚ್ಚುತ್ತಾ ಬುಟ್ಟಿಯೊಂದರ ಹಿಡಿಗೆ ಕೈಹಾಕಿದ.

"ಏಯ್, ತಿಂಡಿ ಹಿಡ್ಕೊಂಡು ಇತ್ತ ಬರಬೇಡ. ಅಲ್ಲಿ ತಿಂದು, ಕೈತೊಳೆದು ಬಾ. ನನ್ನ ಬುಟ್ಟಿ ಎಲ್ಲೂ ಓಡಿಹೋಗಲ್ಲ, ನಿನ್ನ ಬ್ರೆಡ್ಡೇ ತಣ್ಣಗಾಗೋದು!"

ಅವನು ನಗುತ್ತಾ ಹಿಂದೆ ಸರಿದ. ಹೆಣಿಗೆಯ ಹತ್ತಿರ ಊಟ ತಿಂಡಿ ಸುಳಿಯಬಾರದೆಂಬುದು ಅವರ ಪದ್ಧತಿ. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಡಿಯಲ್ಲಿರುವ ಅಜ್ಜಿಯಿಂದ ಎಷ್ಟು ದೂರ ನಿಲ್ಲಬೇಕೆಂದು ನಾಲ್ಕು ವರ್ಷಕ್ಕೇ ಕಲಿತವಳು ನಾನು.

ಅವರು ಪ್ರ್ಯಾಮ್‌ನ ಕೆಳಗಿದ್ದ ಕಟ್ಟುಗಳನ್ನು ನೋಡಿದರು. "ಅಷ್ಟೊಂದು ಫೆನೆಲ್ ಏನ್ಮಾಡ್ತೀಯಾ, ಡಿಯರ್? ನಮ್ಮ ಕಡೆ ರೈಲು ಹಳಿ ಪಕ್ಕ ಕಳೆ ಥರ ಬೆಳೆದಿರತ್ತೆ."

ಫೆನೆಲ್. ಸೋಂಪಿನ ಗಿಡ. ನಾನು ಈ ಊರಿನ ವಿಶ್ವವಿದ್ಯಾಲಯದಲ್ಲಿ ಬೀಜಗಳ ಮೇಲೆ ಎಂ.ಎಸ್ಸಿ. ಮಾಡಿದವಳು. ಸಾಸಿವೆಗಿಂತ ಸಣ್ಣ ಬೀಜ ನೋಡಿ ಯಾವ ಹುಲ್ಲಿನದೆಂದು ಹೇಳುವುದು ನನ್ನ ಕೆಲಸ. ಮೊದಲ ದಿನ ಕಟ್ಟು ಬಿಚ್ಚಿದಾಗಲೇ ಹೋಟೆಲಿನಲ್ಲಿ ಬಿಲ್ಲಿನ ಜೊತೆ ಕೊಡುವ ಸೋಂಪಿನ ವಾಸನೆ ಮೂಗಿಗೆ ಬಡಿದಿತ್ತು. ಗೊತ್ತಾಗಿತ್ತು. ಗೊತ್ತಾಗಿದೆಯೆಂದು ಒಪ್ಪಿಕೊಂಡಿದ್ದರೆ ಮಾಡಲು ಇನ್ನೇನೂ ಉಳಿಯುತ್ತಿರಲಿಲ್ಲ, ಅಷ್ಟೇ.

ಅಮ್ಮನಿಗೆ ಹೇಳಿದೆ. "ಸೋಂಪೂ ಒಳ್ಳೇದೇ ಕಣೇ ಹಾಲಿಗೆ. ತಿನ್ನು," ಎಂದರು.

ತಿಂದೆ.

ಬುಧವಾರ ನರ್ಸ್ ಮತ್ತೆ ಬಂದರು. ತೂಕ ಇಳಿದಿತ್ತು. ಬಾಟಲಿ ಎಷ್ಟು ಸಲ ಕೊಡುತ್ತಿದ್ದೀಯೆಂದು ಕೇಳಿದರು. "ಆಗಾಗ," ಎಂದೆ. ಜೀವನದಲ್ಲಿ ಯಾವ ಅಂಕಿಯ ಬಗ್ಗೆಯೂ ಸುಳ್ಳು ಹೇಳಿದವಳಲ್ಲ ನಾನು. ಅವರು ಮಗುವಿನ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬಿಟ್ಟರು. "ಸೋಮವಾರ ಬರ್ತೀನಿ. ಏರದಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು."

ಮೂರನೆಯ ಭಾನುವಾರ ಹೊರಡುವಾಗ ಗಂಡ ಬಾಗಿಲಲ್ಲಿ ನಿಂತಿದ್ದ. ನನ್ನ ಚೀಲದ ತಳಕ್ಕೆ ಟವೆಲ್ ಸುತ್ತಿದ ಬಾಟಲಿ ಇಟ್ಟ. "ಬೇಡ ಅಂದ್ರೆ ಹಾಗೇ ವಾಪಸ್ ತಾ," ಎಂದ.

ಅವತ್ತು ಸೊಪ್ಪಿನ ಸಾಲನ್ನೆಲ್ಲ ಎರಡು ಸುತ್ತು ಹುಡುಕಿದೆ. ಪ್ರತಿಯೊಬ್ಬರನ್ನೂ ಕೇಳಿದೆ. ಪರಿಚಯವಿಲ್ಲದವರ ಹತ್ತಿರ ಬಾಯಿ ಬಿಡದ ನಾನು ಸಬ್ಬಸಿಗೆಯನ್ನು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಬೇಡಿದೆ. ಕೊತ್ತಂಬರಿ ತೋರಿಸಿದರು. ಪಾರ್ಸ್ಲಿ ತೋರಿಸಿದರು. ಚಳಿಗಾಲ ಮುಗಿದ ಮೇಲೆ ಬಾ ಎಂದರು. ಅಷ್ಟರಲ್ಲಿ ಮಗು ಎದ್ದಳು. ಅವಳ ಅಳು ತೆಳ್ಳಗೆ ಬೆಕ್ಕಿನ ಮರಿಯ ಕೂಗಿನಂತಿತ್ತು.

"ಅಯ್ಯೋ, ನೀನಾ! ಎಲ್ಲಿ, ಪಾಪು ತೋರ್ಸು!" ಯುಗಾದಿ ಊಟದಲ್ಲಿ ಪರಿಚಯವಾಗಿದ್ದ ಕನ್ನಡದ ಆಂಟಿ. ಕಂಬಳಿ ಸರಿಸಿ ನೋಡಿದರು. "ಇಷ್ಟು ಸಣ್ಣಕ್ಕಿದೆಯಲ್ಲೇ! ಹಾಲು ಸಾಕಾಗ್ತಿದ್ಯಾ? ನಿಂದೇ ತಾನೆ, ಫಾರ್ಮುಲಾ ಅಲ್ಲ ತಾನೆ? ಈಗಿನ್ ಹುಡ್ಗೀರು ಮೂರ್ ದಿನಕ್ಕೇ ಕೈಚೆಲ್ತಾರಮ್ಮ."

"ನಂದೇ, ಆಂಟಿ."

"ಗುಡ್ ಗರ್ಲ್. ಹಸ್ಕೊಂಡಿದೆ ನೋಡು, ಮನೆಗ್ ಹೋಗಿ ಎದೆಗ್ ಹಾಕ್ಕೋ." ಅವರು ಕೆಸುವಿನ ಗಡ್ಡೆಯ ಸಾಲಿನತ್ತ ಹೋದರು.

ಮನೆ ನಲವತ್ತು ನಿಮಿಷದ ನಡಿಗೆ. ಹೋಗಿ ಎದೆಗೆ ಹಾಕಿಕೊಂಡರೂ ಅಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ನಡೆಯಲಾಗಲಿಲ್ಲ. ಬುಟ್ಟಿಗಳ ಮೇಜಿನೆದುರು ಪ್ರ್ಯಾಮ್ ಹಿಡಿದುಕೊಂಡೇ ನಿಂತುಬಿಟ್ಟೆ. ಅಳು ಕಡಿಮೆಯಾಗುತ್ತಾ ಬಂತು. ನಿದ್ದೆಹೋಗುತ್ತಿದ್ದಳು, ಮತ್ತೆ.

"ಬಾಟಲಿ ಇದೆಯಾ ನಿನ್ನ ಹತ್ರ?" ಹೆಣೆಯುವ ಹೆಂಗಸು ಎದ್ದು ನಿಂತಿದ್ದರು.

ಇಲ್ಲ ಎನ್ನಲು ಬಾಯಿ ತೆರೆದೆ. "ಇದೆ," ಎಂದೆ.

"ಹಾಗಾದ್ರೆ ಮಗೂಗೆ ಕೊಡು. ಇಲ್ಲೇ ಹಿಂದೆ ಕೂತ್ಕೋ."

"ಆದರೆ ನಿಮ್ಮ ಬುಟ್ಟಿಗಳು... ಇಲ್ಲಿ ತಿನ್ನೋದು ಕುಡಿಯೋದು..."

ಅವರು ಅರ್ಧ ಹೆಣೆದ ಬುಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಹಿಂದೆ ನಿಲ್ಲಿಸಿದ್ದ ತಮ್ಮ ವ್ಯಾನಿನೊಳಗೆ ಇಟ್ಟರು. ಮೇಜಿನ ಮೇಲಿದ್ದವನ್ನು ಎರಡೆರಡಾಗಿ ಒಯ್ದರು. ನಾರಿನ ಕಂತೆಗಳನ್ನು ಎತ್ತಿದರು. ಯಾರೋ ಗಿರಾಕಿ ಬಂದಾಗ "ಹತ್ತು ನಿಮಿಷ ಬಿಟ್ಟು ಬಾ, ಅಂಗಡಿ ಮುಚ್ಚಿದೆ," ಎಂದರು. ಎಲ್ಲವೂ ಖಾಲಿಯಾದ ಮೇಲೆ ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿ ನನ್ನ ಕಡೆ ತಳ್ಳಿದರು.

"ಹೆಣಿಗೆಯನ್ನ ಸರಿಸಿದರಾಯ್ತು. ಮಗೂನ ಯಾಕೆ ಕಾಯಿಸೋದು?"

ಕೂತೆ. ಟವೆಲ್ ಬಿಚ್ಚಿದೆ. ಹಾಲು ಇನ್ನೂ ಉಗುರುಬೆಚ್ಚಗಿತ್ತು. ತುಟಿಗೆ ತಾಗಿಸಿದಾಗ ಅವಳು ಮುಖ ತಿರುಗಿಸಿದಳು, ಮತ್ತೆ ತಿರುಗಿಸಿದಳು, ಆಮೇಲೆ ಹಿಡಿದುಕೊಂಡಳು. ಗುಟುಕ್, ಗುಟುಕ್ ಎಂಬ ಶಬ್ದ. ಏಳು ವಾರದಲ್ಲಿ ಆ ಶಬ್ದವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳು ಕುಡಿಯುವಾಗ ಶಬ್ದವಾಗುತ್ತದೆಂದೇ ನನಗೆ ತಿಳಿದಿರಲಿಲ್ಲ.

ತಲೆಯೆತ್ತಿದಾಗ ಕೆಸುವಿನ ಗಡ್ಡೆಯ ಚೀಲ ಹಿಡಿದ ಆಂಟಿ ಎದುರಿನ ಸಾಲಿನಲ್ಲಿ ನಿಂತಿದ್ದರು. ನೋಡಿದರು. ನಾನೂ ನೋಡಿದೆ. ಬಾಟಲಿಯನ್ನು ಮರೆಮಾಡಲು ನನಗೆ ಇನ್ನೊಂದು ಕೈ ಇರಲಿಲ್ಲ.

ಬಾಟಲಿ ಖಾಲಿಯಾಯಿತು. ಅವಳು ಬಿಡಲಿಲ್ಲ. ಬರಿಯ ಗಾಳಿಯನ್ನು ಎಳೆಯುತ್ತಾ, ಕಣ್ಣು ಪೂರ್ತಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಎಷ್ಟು ದಿನದಿಂದ ಹಸಿದಿದ್ದಳೋ. ಕ್ರೇಟಿನ ಮೇಲೆ ಕೂತೇ ಗಂಡನಿಗೆ ಫೋನ್ ಮಾಡಿದೆ.

"ಇನ್ನೊಂದು ಬಾಟ್ಲಿ ಮಾಡ್ಕೊಂಡು ಬಾ," ಎಂದೆ. "ಕಾರಲ್ಲಿ ಬಾ. ಬೇಗ."